ಅತ್ತೆಯ ಹೆಸರಿನ ಹಲ್ಲಿ

ದ್ವೀಪದಿಂದ ತಂದ ಹೊಸ ಹಲ್ಲಿಗೆ ಸೊಸೆ ತಮ್ಮ ಹೆಸರಿಡಲಿದ್ದಾಳೆಂದು ತಿಳಿದ ದಿನದಿಂದ ಅತ್ತೆಯ ಕಾಲು ನೆಲದ ಮೇಲಿರಲಿಲ್ಲ. ಅಲ್ಲಿಯವರೆಗೆ ಗೋಡೆಯಲ್ಲಿ ಹಲ್ಲಿ ಕಂಡರೆ ಪೊರಕೆ ಎತ್ತುತ್ತಿದ್ದವರು, ಈಗ ಹಾಲಿನವನಿಗೆ, ದರ್ಜಿಗೆ, ಬಸ್ಸಿಗೆ ಕಾಯುತ್ತಿದ್ದ ಅಪರಿಚಿತರಿಗೂ ಸುದ್ದಿ ಹಂಚಿದರು. ಎಲ್ಲರಿಗಿಂತ ಮೊದಲು ತಂಗಿಗೆ. ಆ ತಂಗಿಯ ಹೆಸರಿನಲ್ಲಿ ಯಾರೋ ಒಂದು ಗುಲಾಬಿ ತಳಿ ಮಾಡಿದ್ದರು. ಅತ್ತೆಗೆ ಅದರ ಉರಿ ಇನ್ನೂ ಆರಿರಲಿಲ್ಲ.

ತಾನು ಕೆಲಸ ಮಾಡುವ ಪ್ರಾಣಿ ಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ, ಸ್ಪಿರಿಟ್ ವಾಸನೆಯ ನಡುವೆ, ಸೊಸೆ ಹಲ್ಲಿಯನ್ನು ಕೊನೆಯ ಸಲವೆಂದು ಸೂಕ್ಷ್ಮದರ್ಶಕದಡಿ ಇಟ್ಟಳು. ಪಟ್ಟೆಯಿಲ್ಲದ ನುಣುಪು ಬಾಲವೇ ಈ ಹೊಸ ಪ್ರಭೇದದ ಗುರುತು ಎಂದು ಲೇಖನ ಬರೆದಾಗಿತ್ತು. ಆದರೆ ಬಾಲದ ಬುಡದಲ್ಲೊಂದು ಗೆರೆ ಕಂಡಿತು. ಎಂದೋ ಕಳಚಿ ಬಿದ್ದು ಮತ್ತೆ ಬೆಳೆದ ಬಾಲ! ಹಾಗೆ ಬೆಳೆದದ್ದಕ್ಕೆ ಪಟ್ಟೆ ಎಲ್ಲಿಂದ ಬರಬೇಕು? ಅದೇ ದ್ವೀಪದಿಂದ ತಂದಿದ್ದ ಉಳಿದೆರಡು ಹಲ್ಲಿಗಳನ್ನೂ ತೆಗೆದು ನೋಡಿದಳು. ಅವುಗಳದ್ದೂ ಅದೇ ಕಥೆ.

ಸಂಜೆ ಅಡುಗೆಮನೆಯಲ್ಲಿ ಬಾಯಿಬಿಟ್ಟಳು.

"ಅತ್ತೆ, ಅದು ಹೊಸದಲ್ಲ ಅನ್ಸುತ್ತೆ. ನಮ್ಮ ಗೋಡೆ ಮೇಲಿನ ಹಲ್ಲಿನೇ ಇರಬಹುದು."

"ಏನಂದೆ? ತಂಗಿ ಮುಂದೆ ನಾನೀಗ ಹೇಗೆ ತಲೆ ಎತ್ಲಿ? ಬಾಲ ಹೋದ್ರೆ ಹೋಗ್ಲಿ ಕಣೇ, ಮಿಕ್ಕ ಮೈಯಿಲ್ವಾ? ಅದನ್ನ ನೋಡು!"

"ನೋಡ್ತೀನಿ. ಆದ್ರೆ ಇಲ್ಲದ್ದನ್ನ ಇದೆ ಅಂತ ಬರೆಯೋಕಾಗಲ್ಲ."

"ಬರಿ ಅಂದ್ನಾ? ನೋಡು ಅಂದೆ, ಅಷ್ಟೆ."

ಮರುದಿನ ಅತ್ತೆಯೂ ಜೊತೆಗೇ ಹೊರಟರು. ಸೊಸೆಯ ಪಕ್ಕದ ಸ್ಟೂಲಿನ ಮೇಲೆ ಕಾವಲುಗಾರರಂತೆ ಕೂತರು. ಸೊಸೆ ಸಂಗ್ರಹದಲ್ಲಿದ್ದ ಒಂದು ಗೋಡೆ ಹಲ್ಲಿಯನ್ನೂ ದ್ವೀಪದ ಮೂರನ್ನೂ ಅಂಗಾತ ಮಲಗಿಸಿ, ಬೆರಳುಗಳ ಅಡಿಯ ಮೆತ್ತೆಗಳನ್ನು ಒಂದೊಂದಾಗಿ ಹೋಲಿಸಿದಳು. ಗೋಡೆ ಹಲ್ಲಿಯ ಮೆತ್ತೆಗಳು ನಡುವೆ ಸೀಳಿದ್ದವು. ದ್ವೀಪದ್ದರಲ್ಲಿ ಸೀಳಿರಲಿಲ್ಲ. ಮೂರರಲ್ಲೂ ಇರಲಿಲ್ಲ.

"ಅತ್ತೆ! ಹೊಸದೇ!"

"ನಾನು ಹೇಳಲಿಲ್ವಾ? ಸರಿ ಆಚೆಗೆ, ನಾನೂ ನೋಡ್ತೀನಿ."

ಅತ್ತೆ ಕನ್ನಡಕವನ್ನು ಹಣೆಗೇರಿಸಿ ಬಗ್ಗಿದರು. "ಅಯ್ಯೋ, ಇದಕ್ಕೆ ರೆಪ್ಪೆನೇ ಇಲ್ವಲ್ಲೇ! ಕಣ್ಣಿಗೆ ಧೂಳು ಬಿದ್ರೆ?"

"ನಾಲಿಗೆ ಚಾಚಿ ಒರೆಸ್ಕೊಳ್ಳುತ್ತೆ."

ಅತ್ತೆ ನಿಧಾನಕ್ಕೆ ತಲೆ ಎತ್ತಿದರು. "ಅಷ್ಟುದ್ದ ನಾಲಿಗೆನಾ?"

ಸೊಸೆ ತುಟಿ ಕಚ್ಚಿ ನಗು ತಡೆದಳು. "ಹೂಂ. ಬೇರೆ ಹೆಸರಿಡ್ಲಾ?"

ಅತ್ತೆ ಹಲ್ಲಿಯನ್ನು ಇನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡರು.

"ಬೇಡ, ನಂದೇ ಇರ್ಲಿ. ಆದ್ರೆ ನಾಲಿಗೆ ವಿಷಯ ನಿಮ್ಮ ಮಾವನಿಗೆ ಹೇಳ್ಬೇಡ. ಗುರುತು ಹಿಡಿದುಬಿಡ್ತಾರೆ."