ಕಂಬದ ಮೇಲೆ ಕರಿಕಂಬಳಿ

ಸುಕ್ರನನ್ನು ಯಾವ ದೋಣಿಗೂ ಸೇರಿಸಿಕೊಳ್ಳುತ್ತಿರಲಿಲ್ಲ. ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರ ಕೈಯ ಬೆತ್ತ ಕಸಿದು ಮುರಿದು ಶಾಲೆ ಬಿಟ್ಟವ ಅವ. ಮುಂಬಯಿಗೆ ಹೆಂಚು ಸಾಗಿಸುವ ಮಚವೆ ಹಡಗಿನಲ್ಲಿ ಮೂರು ವರ್ಷ ಖಲಾಶಿಯಾಗಿದ್ದು, ಅಲ್ಲಿಯೂ ಒಬ್ಬನ ಕಪಾಳಕ್ಕೆ ಬಿಗಿದು ಊರಿಗೆ ಬಂದಿದ್ದ. ಇಂಥವನನ್ನು ನೀರಿನ ಮೇಲೆ ಕರೆದೊಯ್ದರೆ ಜಗಳವನ್ನೇ ಬಲೆಯಲ್ಲಿ ಹಿಡಿದು ತರಬೇಕಾದೀತು ಅಂತ ಕೇರಿಯವರು ನಗುತ್ತಿದ್ದರು. ಕಡೆಗೆ ಕೇರಿಯ ಯಜಮಾನ ಬೀರಪ್ಪ ಅವನಿಗೆ ಕಂಬ ಕಾಯುವ ಕೆಲಸ ಕೊಟ್ಟ. ಮಾತಾಡಬೇಕಾಗಿಲ್ಲದ ಕೆಲಸ.

ಶರಾವತಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ, ಚಿರೆಕಲ್ಲಿನ ದಿಬ್ಬದ ಮೇಲೆ ನಿಂತ ಕಂಬ ಅದು. ಮೀನಿಗೆ ಹೋದ ದೋಣಿಗಳು ಹಿಂದೆ ಬರುವಾಗ ದೂರದಿಂದಲೇ ಅದನ್ನು ನೋಡುತ್ತಿದ್ದವು. ಬಿಳಿ ಬಟ್ಟೆ ಏರಿದ್ದರೆ ಅಳಿವೆ ಹಾಯಬಹುದು, ಬನ್ನಿ ಅಂತ. ಕಂಬ ಬರಿದಾಗಿದ್ದರೆ ಇದ್ದಲ್ಲೇ ಇರಿ ಅಂತ. ಮೂರನೆಯದು ಕರಿಕಂಬಳಿ. ಕೇರಿಯಲ್ಲಿ ಸಾವಾದರೆ ಮಾತ್ರ ಅದು ಏರುವುದು. ಹದಿನೆಂಟು ಮನೆಯೂ ಒಂದೇ ಬೇರಿನವು. ಒಂದು ಹೆಣ ಬಿದ್ದರೆ ಎಲ್ಲರಿಗೂ ಸೂತಕ. ಕಂಬಳಿ ಕಂಡ ಕೂಡಲೇ ನೀರಿನ ಮೇಲಿದ್ದವರು ಹುಟ್ಟು, ಹಗ್ಗ, ಬಲೆ ಎಲ್ಲದರಿಂದ ಕೈ ತೆಗೆಯಬೇಕು. ಹತ್ತಿರದ ನೆಲಕ್ಕೆ ಇಳಿದು, ಮೂರು ಮುಳುಗು ಹಾಕಿ, ಮನೆಯಿಂದ ಒಬ್ಬ ಬಂದು ತೀರ್ಥ ಕೊಡುವವರೆಗೆ ದೋಣಿಯ ಕಡೆ ಹೋಗದೆ ಕೂತಿರಬೇಕು. ದೋಣಿ ಮುಳುಗಿದರೂ ಸರಿ, ಮುಟ್ಟುವಂತಿಲ್ಲ. ಆ ಕಂಬಳಿ ಕೇರಿಯ ದೈವ ಜಟಗನ ಕಟ್ಟೆಯ ಪೆಟ್ಟಿಗೆಯಲ್ಲಿರುತ್ತಿತ್ತು. ಹೆಣವಿಲ್ಲದೆ ಅದನ್ನು ಬಿಚ್ಚಿದವರು ಈವರೆಗೆ ಯಾರೂ ಇರಲಿಲ್ಲ.

ಯುದ್ಧದ ನಾಲ್ಕನೇ ವರ್ಷ, ದೀಪಾವಳಿ ಕಳೆದು ಎಂಟು ದಿನವಾಗಿತ್ತು. ಹವೆಯ ಸುದ್ದಿ ವೈರಿಗೆ ಸಿಗಬಾರದೆಂದು ಸರಕಾರ ಅದನ್ನು ತಡೆದಿತ್ತಂತೆ. ತುಫಾನಿನ ಸುದ್ದಿಯೇ ಬರುವುದಿಲ್ಲ ಅಂತ ಪೇಟೆಯವರು ಹೇಳುತ್ತಿದ್ದರು. ಕಡಲಿಗೆ ಮಾತ್ರ ಯಾರೂ ಬಾಯಿ ಕಟ್ಟಿರಲಿಲ್ಲ. ಎರಡು ದಿನದಿಂದ ಗಾಳಿಯಿಲ್ಲದೆ ತೆರೆ ಬರುತ್ತಿತ್ತು, ಉದ್ದುದ್ದ, ನಿಧಾನ, ಯಾರೋ ಬಹಳ ದೂರದಲ್ಲಿ ಕೂತು ನೂಕಿದ ಹಾಗೆ. ಆಕಾಶದಲ್ಲಿ ಬಾಚಿದ ಕೂದಲಿನಂಥ ಮೋಡ. ಸುಕ್ರ ಹೋಗಬೇಡಿ ಎಂದಿದ್ದ. ದೋಣಿಯ ಒಡೆಯ ಹರಿಹರ, ಕಂಬ ಕಾಯುವವನ ಮಾತು ಕೇಳಿ ಬಂಗಡೆ ಬಿಡಲಿಕ್ಕೆ ಆಗೂದಿಲ್ಲ ಎಂದ. ಎರಡು ದೊಡ್ಡ ದೋಣಿ, ಹತ್ತು ಜನ ಹೊರಟರು. ಅದರಲ್ಲಿ ಸುಕ್ರನ ಅಣ್ಣ ನಾಗನೂ ಇದ್ದ. ಅಪ್ಪ ಸತ್ತ ಮೇಲೆ ಸುಕ್ರನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವ. ಇಡೀ ಕೇರಿಯಲ್ಲಿ ಸುಕ್ರ ಎದುರು ಮಾತಾಡದಿದ್ದುದು ಅವನೊಬ್ಬನಿಗೆ.

ಬೆಳಗಾಗುವ ಹೊತ್ತಿಗೆ ತೆಂಕು-ಮೂಡು ಮೂಲೆಯಿಂದ ಗಾಳಿ ಎದ್ದಿತು. ನೆಲದಿಂದ ಕಡಲಿಗೆ ನೂಕುವ ಗಾಳಿ. ತೆಂಗಿನ ಮರಗಳೆಲ್ಲ ಕಡಲಿಗೆ ಅಡ್ಡ ಬಿದ್ದಂತೆ ಬಾಗಿದವು. ಆ ಗಾಳಿಗೆ ಎದುರಾಗಿ ಹುಟ್ಟು ಹಾಕಿ ಬರುವುದು ಆಗದ ಮಾತು. ನಾಗ ಬುದ್ಧಿವಂತ. ಎರಡೂ ದೋಣಿಗಳನ್ನು ಬಸವರಾಜ ದುರ್ಗದ ಆಚೆ ಮಗ್ಗುಲಿಗೆ, ಬಡಗು-ಪಡುವಿನ ಕೊರಕಲಿಗೆ ಸೇರಿಸಿದ. ದುರ್ಗವೆಂದರೆ ದಂಡೆಗೆ ಕಾಣುವಷ್ಟೇ ದೂರದಲ್ಲಿ ಕಡಲ ನಡುವೆ ನಿಂತ ಗುಡ್ಡ. ನೆತ್ತಿಯ ಮೇಲೆ ಹಳೇ ಕೋಟೆಯ ಗೋಡೆ. ಮಳೆ ತುಸು ತೆರೆದಾಗ ಆ ಗೋಡೆಯ ಮೇಲೆ ಒಬ್ಬ ನಿಂತು ಬಟ್ಟೆ ಬೀಸಿದ್ದು ಕಂಡಿತು. ಹತ್ತು ಸಲ ಬೀಸಿದ. ಹತ್ತೂ ಜನ ಇದ್ದಾರೆ. ನಾಗನ ಹೆಂಡತಿ ತಿಮ್ಮಿ ದಿಬ್ಬದ ಬುಡದಲ್ಲಿ ಮರಳಿನ ಮೇಲೆ ಕುಸಿದು ಅತ್ತಳು.

ಮಧ್ಯಾಹ್ನದ ಹೊತ್ತಿಗೆ ಗಾಳಿ ನಿಂತಿತು.

ಕಡಿಮೆಯಾದದ್ದಲ್ಲ, ನಿಂತೇಬಿಟ್ಟಿತು, ಬಾಗಿಲು ಹಾಕಿದ ಹಾಗೆ. ನೆತ್ತಿಯ ಮೇಲೆ ದುಂಡಗೆ ನೀಲಿ ಆಕಾಶ, ಬಿಸಿಲು. ಆ ದುಂಡಿನ ಸುತ್ತ ಬಿಳಿ ಮೋಡದ ಗೋಡೆ, ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದಂತೆ. ಸುಕ್ರನ ಕಿವಿಯೊಳಗೆ ಏನೋ ಟಪ್ಪೆಂದು ಒಡೆಯಿತು. ಬಾಗಿದ ತೆಂಗಿನ ಮರಗಳು ಬಾಗಿದಲ್ಲೇ ಇದ್ದವು. ಸದ್ದು ವಿಚಿತ್ರವಾಗಿ ಹತ್ತಿರ ಬಂದಿತ್ತು: ಹೊಳೆಯಾಚೆ ಯಾರೋ ಮುದುಕಿ ತನ್ನಷ್ಟಕ್ಕೆ ಗೊಣಗಿದ್ದು ಈಚೆಗೆ ಸ್ಪಷ್ಟ ಕೇಳಿತು. ಮರಳಿನ ಮೇಲೆ ಕಡಲ ಹಕ್ಕಿಗಳು ಇಳಿದಿದ್ದವು, ನೂರಾರು, ಈ ದಂಡೆಯಲ್ಲಿ ಯಾರೂ ಕಂಡಿರದ ಕಪ್ಪು ಹಕ್ಕಿಗಳು. ಹಾರಲಿಲ್ಲ. ಜನರ ಕಾಲ ನಡುವೆ ತೂಗಾಡುತ್ತ ನಡೆದವು. ನಾಯಿಗಳು ಅವುಗಳನ್ನು ನೋಡಿಯೂ ಬೊಗಳಲಿಲ್ಲ. ಗಾಳಿ ಇಲ್ಲದಿದ್ದರೂ ಕಡಲು ಮಾತ್ರ ಕುದಿಯುತ್ತಿತ್ತು. ನಾಲ್ಕೂ ಕಡೆಯ ತೆರೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಗೋಪುರದ ಹಾಗೆ ಎದ್ದು ಅಲ್ಲೇ ಕುಸಿಯುತ್ತಿದ್ದವು.

ಕೇರಿ ಹೊರಗೆ ಬಂತು. ಮುಗಿಯಿತು ಅಂತ ಹೆಂಗಸರು ಕೈ ಮುಗಿದರು. ಹರಿಹರ ಛತ್ರಿ ಹಿಡಿದು ಬಂದ. ಬಿಳಿ ಏರಿಸು, ದೋಣಿ ಬರಲಿ, ಇನ್ನೊಂದು ಮಳೆ ಬರುವ ಮೊದಲು ದಡಕ್ಕೆ ಎಳೆಯಬೇಕು ಅಂತ ಬೀರಪ್ಪನಿಗೆ ಹೇಳಿದ. ಬೀರಪ್ಪ ಸುಕ್ರನಿಗೆ ಹೇಳಿದ. ಸುಕ್ರ ಹಗ್ಗ ಮುಟ್ಟಲಿಲ್ಲ.

ಅವನಿಗೆ ಇದು ಗೊತ್ತಿತ್ತು. ಎರಡು ವರ್ಷದ ಹಿಂದೆ ರತ್ನಾಗಿರಿಯ ಹತ್ತಿರ ಇಂಥದೇ ಬಿಸಿಲು ಕಂಡಿದ್ದ. ಮಚವೆ ನಡೆಸುವ ಮುದಿ ತಾಂಡೇಲ ಆಗ ಹೇಳಿದ್ದ: ಕಾದ ಕಡಲ ಮೇಲಿನ ಹಸಿ ಗಾಳಿ ಒಲೆಯ ಹೊಗೆಯಂತೆ ಮೇಲೇಳುತ್ತದೆ, ಖಾಲಿಯಾದ ಜಾಗಕ್ಕೆ ಸುತ್ತಣ ಗಾಳಿ ನುಗ್ಗುತ್ತದೆ, ನೆಟ್ಟಗೆ ನುಗ್ಗಲು ಆಗದೆ ಕಡೆಯುವ ಮಜ್ಜಿಗೆಯ ಹಾಗೆ ತಿರುಗುತ್ತದೆ. ನಡುವಿನ ಕುಳಿಯಲ್ಲಿ ಮಾತ್ರ ಏನೂ ಇಲ್ಲ. ಆ ಕುಳಿ ನಿನ್ನ ಮೇಲೆ ಹಾದು ಹೋಗುವಾಗ ಬಿಸಿಲು. ಅದು ದಾಟಿತೋ, ಮೊದಲು ಬೆನ್ನಿಗೆ ಹೊಡೆದ ಗಾಳಿಯೇ ಈಗ ಎದೆಗೆ ಹೊಡೆಯುತ್ತದೆ. ಅಂದು ಪಕ್ಕದ ಮಚವೆಯವರು ಬಿಸಿಲು ಕಂಡು ಲಂಗರು ಎತ್ತಿದರು. ಅವರಲ್ಲಿ ಒಬ್ಬನೂ ಉಳಿಯಲಿಲ್ಲ.

ಅವ ಇದನ್ನೆಲ್ಲ ಹೇಳಿದ. ಹೇಳುವ ರೀತಿಯಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ತೊದಲುತ್ತ, ಒಡೆಯನಿಗೆ ಬೈಗುಳ ಬೆರೆಸಿ ಹೇಳಿದ. ಹರಿಹರ ಸುತ್ತಲಿನವರ ಕಡೆ ನೋಡಿ ನಕ್ಕ.

"ಸೂರ್ಯ ಕಾಣ್ತಾ ಇದ್ದಾನೆ, ಇವಂಗೆ ಗಾಳಿ ಕಾಣ್ತದಂತೆ. ಎಂತ ಕುಡ್ದಿದ್ಯೋ ತಮಾ?"

ಜನ ನಕ್ಕರು. ಸುಕ್ರ ನಗುವವರನ್ನು ನೋಡಲಿಲ್ಲ, ದುರ್ಗವನ್ನು ನೋಡುತ್ತಿದ್ದ. ಬಿಳಿ ಏರಿಸಿದರೆ ಅವರು ಬರುತ್ತಾರೆ, ಆ ಗೋಪುರದಂಥ ತೆರೆಗಳ ನಡುವೆ ಅಳಿವೆಯಲ್ಲಿ ಮಗುಚುತ್ತಾರೆ. ಏರಿಸದಿದ್ದರೆ ಉಳಿಯುತ್ತಾರೆ ಎಂದುಕೊಂಡು ಒಂದು ಕ್ಷಣ ಎದೆ ಹಗುರಾಯಿತು. ಮರುಕ್ಷಣ ಇನ್ನೊಂದು ಹೊಳೆಯಿತು. ಗಾಳಿ ಈಗ ಎದುರು ಮೂಲೆಯಿಂದ ಬರುತ್ತದೆ. ಬಡಗು-ಪಡುವಿನಿಂದ. ನಾಗ ದೋಣಿ ಅಡಗಿಸಿದ ಕೊರಕಲು ಅದೇ ಮೂಲೆಗೆ ಬಾಯಿ ತೆರೆದಿದೆ. ಬೆಳಿಗ್ಗೆ ಅವರನ್ನು ಕಾದ ಬಂಡೆಗೇ ಇನ್ನು ಅವರನ್ನು ಅಪ್ಪಳಿಸುತ್ತದೆ. ಒಡೆಯನ ದೋಣಿಯೆಂದು ಹತ್ತೂ ಜನ ಗಳ ಊರಿ, ಬಂಡೆಗೆ ತಾಗದಂತೆ ಕಡೇ ಉಸಿರಿನವರೆಗೆ ತಡೆದು ನಿಲ್ಲುತ್ತಾರೆ. ದೋಣಿ ಬಿಟ್ಟು ಗುಡ್ಡ ಹತ್ತಿ ಅಂತ ಹೇಳಬೇಕು. ಅದನ್ನು ಹೇಳುವ ಬಟ್ಟೆ ಯಾವುದೂ ಇಲ್ಲ.

ಒಂದು ಇತ್ತು.

ಅವ ದಿಬ್ಬ ಇಳಿದು ಜಟಗನ ಕಟ್ಟೆಗೆ ನಡೆದ. ಓಡಿದರೆ ಹಿಡಿಯುತ್ತಾರೆಂದು ನಡೆದ. ಪೆಟ್ಟಿಗೆಯ ಕೀಲಿ ಕಲ್ಲಿನಲ್ಲಿ ಒಡೆದ. ಕಂಬಳಿ ಒಣಗಿತ್ತು, ಹಗುರವಾಗಿತ್ತು, ಒಳಗೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಹೊದ್ದು ಮಡಚಿಟ್ಟ ಹಾಗೆ. ಅದನ್ನು ಎದೆಗೆ ಅವಚಿ ಹಿಂದೆ ಬಂದು ಹಗ್ಗಕ್ಕೆ ಕಟ್ಟುವಾಗ ಬೀರಪ್ಪ ನೋಡಿದ. ಮುದುಕನ ದನಿ ಏರಲಿಲ್ಲ.

"ಯಾರು ಹೋದ್ರೋ ಸುಕ್ರ?"

ಸುಕ್ರ ಹಗ್ಗ ಎಳೆದ.

ಕಂಬಳಿ ತುದಿಗೆ ಹೋಗಿ ಅಲುಗದ ಗಾಳಿಯಲ್ಲಿ ಹೆಣದಂತೆ ಜೋತುಬಿತ್ತು. ಹೆಂಗಸರು ಬೊಬ್ಬಿಟ್ಟು ತಂತಮ್ಮ ಮನೆಗೆ ಓಡಿದರು. ಹದಿನೆಂಟು ಮನೆಯಲ್ಲೂ ಹೆಸರು ಹಿಡಿದು ಕರೆಯುವ ಸದ್ದು. ಕೂಸುಗಳನ್ನು, ಹಾಸಿಗೆ ಹಿಡಿದ ಮುದುಕರನ್ನು ಮುಟ್ಟಿ ನೋಡುವ ಸದ್ದು. ಒಂದೊಂದೇ ಮನೆಯಿಂದ ಓಗೊಟ್ಟರು. ಅಳು ನಿಂತಿತು. ಎಲ್ಲರೂ ಬದುಕಿದ್ದಾರೆ ಅಂತ ಗೊತ್ತಾದಾಗ ಕೇರಿಗೆ ಆದ ಹೆದರಿಕೆ, ಒಬ್ಬ ಸತ್ತಿದ್ದರೂ ಆಗುತ್ತಿರಲಿಲ್ಲ.

ದುರ್ಗದ ಗೋಡೆಯ ಮೇಲೆ ನಿಂತಿದ್ದ ಚುಕ್ಕಿ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಎರಡು ಚುಕ್ಕಿ ಬಂದವು. ಆಮೇಲೆ ನಾಲ್ಕು, ಏಳು. ಸುಕ್ರ ಹಗ್ಗದ ಬುಡದಲ್ಲಿ ಬೆನ್ನುಕೊಟ್ಟು ನಿಂತು ಎಣಿಸುತ್ತಿದ್ದ. ಕಂಬಳಿ ಇಳಿಸಲು ಹರಿಹರನ ಆಳು ಹತ್ತಿರ ಬಂದಾಗ ಸುಕ್ರನ ಕೈಯಲ್ಲಿ ಕೀಲಿ ಒಡೆದ ಕಲ್ಲೇ ಇತ್ತು. ಒಂಬತ್ತು ಎಂದು ಎಣಿಸುವಾಗ ಕಡಲಿನ ಬಡಗು-ಪಡು ಮೂಲೆ ಕಪ್ಪಾಯಿತು. ನೀರಿನ ಮೇಲೆ ಒಂದು ಗೆರೆ, ಬಿಳಿ, ಎಳೆದಂತೆ ನೇರ, ಓಡಿ ಬರುತ್ತಿತ್ತು. ಮರಳ ಮೇಲಿನ ಕಪ್ಪು ಹಕ್ಕಿಗಳೆಲ್ಲ ಒಮ್ಮೆಲೇ ಆ ಕಡೆ ಮುಖ ಮಾಡಿದವು. ಹತ್ತನೆಯ ಚುಕ್ಕಿ ಕಂಡಿತೋ ಇಲ್ಲವೋ, ಗೆರೆ ದುರ್ಗವನ್ನು ನುಂಗಿತು. ಬಾಗಿದ್ದ ತೆಂಗಿನ ಮರಗಳು ಒಂದೇ ಏಟಿಗೆ ಮಗ್ಗುಲು ಬದಲಾಯಿಸಿದವು. ಹರಿಹರನ ಛತ್ರಿ ಗಾಳಿಯಲ್ಲಿ ಹೋಯಿತು. ಯಾರು ಎತ್ತ ಓಡಿದರೋ ಸುಕ್ರನಿಗೆ ಕಾಣಲಿಲ್ಲ. ಅವ ಕಂಬವನ್ನು ಅಪ್ಪಿಕೊಂಡು ಕೂತ.

ಮರುದಿನ ಎರಡೂ ದೋಣಿಗಳು ಹಲಗೆ ಹಲಗೆಯಾಗಿ ದಂಡೆಗೆ ಬಂದವು. ಕೈಯಗಲದ ತುಂಡು, ಒಂದೂ ಸೇರಿಸಲು ಬಾರದ್ದು. ಮೂರನೇ ದಿನ ಕಡಲು ಇಳಿದ ಮೇಲೆ ಬೀರಪ್ಪ ಪಾತಿ ದೋಣಿಯಲ್ಲಿ ಹೋಗಿ ತೀರ್ಥ ಕೊಟ್ಟು ಜನರನ್ನು ಕರೆತಂದ. ಹತ್ತು ಜನ. ತಿಮ್ಮಿ ಗಂಡನ ಮೈ ಮುಟ್ಟಲಿಲ್ಲ, ಕಂಬಳಿ ಏರಿದ ಮೇಲೆ ಸೂತಕವಲ್ಲವೇ. ದೂರ ನಿಂತು ಅವನ ನೆರಳನ್ನು ನೋಡಿದಳು. ನಾಗ ಮೊದಲು ಕೇಳಿದ್ದು ಒಂದೇ, ಯಾರು ಹೋದದ್ದು ಅಂತ. ಯಾರೂ ಇಲ್ಲ, ನಾನೇ ಏರಿಸಿದೆ ಅಂತ ಸುಕ್ರ ಹೇಳಿದ. ಅಣ್ಣ ತನ್ನ ತಲೆ ಸವರುತ್ತಾನೆ ಎಂದು ಕಾದ.

ನಾಗ ಸಿಟ್ಟಾಗಲಿಲ್ಲ. ತಮ್ಮನ ಮುಖ ನೋಡಿ ಹೇಳಿದ.

"ಹತ್ತು ಜನ ಮುಳುಗು ಹಾಕಿದ್ದೇವೆ, ತಮಾ. ಸಾವು ಅಂತ ನೀರಿಗೆ ಹೇಳಿ ಆತು. ಈಗ ಇಲ್ಲ ಅಂದ್ರೆ ಅದು ಮನೆ ಮನೆ ಹುಡುಕ್ತದೆ."

ಅಷ್ಟು ಹೇಳಿ ಹೊರಳಿದ. ಸುಕ್ರನ ಜೊತೆ ಅವ ಆಡಿದ ಕಡೇ ಮಾತು ಅದು.

ಸಂಜೆ ಹರಿಹರ ಪೊಲೀಸರನ್ನು ಕರೆತರುತ್ತೇನೆಂದು ಕೂಗಾಡುತ್ತ ಬಂದ. ಕಂಬಳಿ ಏರಿಸಿದವ ಎಲ್ಲಿ? ಬೀರಪ್ಪ ಅಂಗಳದಲ್ಲಿ ಕೂತಿದ್ದ. ಸುಕ್ರ ಅವನಿಂದ ಮೂರು ಮಾರು ದೂರದಲ್ಲಿ ನಿಂತಿದ್ದ.

"ಅವ ಹೋದ, ಒಡೆಯಾ," ಎಂದ ಬೀರಪ್ಪ. "ಸೂತಕ ನಡೀತಾ ಇದೆ."

ಹರಿಹರ ಸುಕ್ರ ನಿಂತ ಕಡೆ ನೋಡಿದ. ಇಡೀ ಕೇರಿ ಹರಿಹರನನ್ನೇ ನೋಡುತ್ತಿತ್ತು. ಒಡೆಯನ ಕಣ್ಣು ಸುಕ್ರನ ಮೇಲೆ ತುಸು ನಿಂತು, ಅವನ ಹಿಂದಿನ ಗೋಡೆಗೆ ಜಾರಿತು. ಆಮೇಲೆ ಅವ ಬಂದ ದಾರಿಯಲ್ಲೇ ಹೋದ.

ತಾನು ಸತ್ತವನೆಂಬಂತೆ ಎಲ್ಲರೂ ನಡೆದುಕೊಂಡದ್ದನ್ನು ಮೊದಲ ದಿನ ಸುಕ್ರ ತಮಾಷೆ ಎಂದುಕೊಂಡ. ಎರಡನೇ ದಿನ ಬೈದ. ನಾನಿಲ್ಲದಿದ್ದರೆ ನೀವು ಹತ್ತು ಹೆಣ ಹೊರುತ್ತಿದ್ದಿರಿ ಅಂತ ಒಬ್ಬೊಬ್ಬರ ಬಾಗಿಲಲ್ಲಿ ನಿಂತು ಕೂಗಿದ. ಒಳಗೆ ದೀಪ ಸಣ್ಣ ಮಾಡುತ್ತಿದ್ದರು, ಗಾಳಿ ಬಂದರೆ ಮಾಡುವ ಹಾಗೆ. ನೀರಿನ ಕೊಡ ಒದ್ದು ಒಡೆದ. ತಿಮ್ಮಿ ಬೆಕ್ಕು ಅಂದಳು. ಅತ್ತಿಗೆ ಅಂತ ಕರೆದ, ಅವಳು ಸೆರಗು ತಲೆಗೆ ಎಳೆದುಕೊಂಡಳು, ತಿರುಗಲಿಲ್ಲ. ರಾತ್ರಿ ಹೊರಗೆ ಬಾಳೆಲೆಯಲ್ಲಿ ಅವನ ಪಾಲು ಇಡುತ್ತಿದ್ದಳು, ಸತ್ತವರಿಗೆ ಇಡುವಂತೆ, ತುದಿಯನ್ನು ತೆಂಕು ಮಾಡಿ. ಸಿಟ್ಟಿಗೆ ಅವ ಅದನ್ನು ಮುಟ್ಟಲಿಲ್ಲ. ಕಾಡು ಗೆಣಸು ಅಗೆದು ತಿಂದ.

ಹತ್ತನೇ ದಿನ ನಾಗ ಮೀಸೆ, ತಲೆ ಬೋಳಿಸಿ, ದಂಡೆಯ ಮೇಲೆ ತಮ್ಮನ ಹೆಸರಿಗೆ ಪಿಂಡ ಇಟ್ಟ. ಕೇರಿ ಹಿಂದೆ ಸರಿದು ಕೂತು ಕಾಗೆಗೆ ಕಾಯಿತು. ಕಾಗೆ ಬರಲಿಲ್ಲ. ತುಫಾನಿನ ದಿನದಿಂದ ಹೊನ್ನಾವರದಿಂದ ಕರ್ಕಿಯವರೆಗೆ ಒಂದು ಕಾಗೆಯೂ ಇರಲಿಲ್ಲ; ಎಲ್ಲ ಸತ್ತಿದ್ದವೋ ಘಟ್ಟಕ್ಕೆ ಹಾರಿದ್ದವೋ. ಕಾಗೆ ಮುಟ್ಟದೆ ಏಳುವಂತಿಲ್ಲ, ನೀರು ಕುಡಿಯುವಂತಿಲ್ಲ. ಬಿಸಿಲು ನೆತ್ತಿಗೆ ಬಂತು. ಕೂಸುಗಳು ಅತ್ತು ಅತ್ತು ಸುಮ್ಮನಾದವು. ಸತ್ತವನಿಗೆ ಆಸೆ ಉಳಿದಿದೆ ಅಂತ ಯಾರೋ ಪಿಸುಗುಟ್ಟಿದರು. ನಾಗ ಕೈ ಮುಗಿದು ಬರಿದಾದ ಆಕಾಶಕ್ಕೆ ಹೇಳಿದ, ಮಚವೆಗೆ ಹೋಗಬೇಡ ಅಂತ ತಡೀಬೇಕಿತ್ತು, ತಪ್ಪಾತು. ಒಂದು ಮದುವೆ ಮಾಡಲಿಲ್ಲ, ತಪ್ಪಾತು.

ಸುಕ್ರ ದಿಬ್ಬದ ಮೇಲಿಂದ ನೋಡುತ್ತಿದ್ದ. ಕೂತಿರಲಿ, ಎಂದುಕೊಂಡ. ಸಾಯುವವರೆಗೆ ಕೂತಿರಲಿ. ಹಾಗೆಂದುಕೊಂಡಾಗ ಹತ್ತು ದಿನದಲ್ಲಿ ಮೊದಲ ಸಲ ಅವನಿಗೆ ಸುಖವಾಯಿತು. ಆದರೆ ನಾಗನ ಬೋಳು ತಲೆ ಬಿಸಿಲಿಗೆ ಕೆಂಪಾಗಿತ್ತು. ಮೂರು ದಿನ ದುರ್ಗದ ಮೇಲೆ ಅನ್ನವಿಲ್ಲದೆ ಕಳೆದ ಮೈ. ನಾಗ ಮುಂದಕ್ಕೆ ಒಮ್ಮೆ ತೂಗಿದ, ಕೈಯೂರಿ ನೆಟ್ಟಗಾದ, ಮತ್ತೆ ತೂಗಿದ. ಮತ್ತೆ ಕೈ ಮುಗಿದ.

ಸುಕ್ರ ಇಳಿದು ಬಂದ. ಜನರ ನಡುವೆ ಹಾದು ಹೋದ. ಯಾರೂ ಕಾಲು ಸರಿಸಲಿಲ್ಲ. ಅಣ್ಣನ ಎದುರು, ಬಾಳೆಲೆಯ ಆಚೆ, ಮರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತ. ನಾಗನ ಕಣ್ಣು ಪಿಂಡದ ಮೇಲಿತ್ತು, ನೀರು ತುಂಬಿತ್ತು, ಮೇಲೇಳಲಿಲ್ಲ. ಸುಕ್ರ ಪಿಂಡ ಮುರಿದು ಬಾಯಿಗೆ ಹಾಕಿಕೊಂಡ.

"ಮುಟ್ತು," ಎಂದ ನಾಗ, ಉಸಿರಿನಲ್ಲಿ.

ಕೇರಿ ಎದ್ದಿತು. ಬೆನ್ನ ಹಿಂದೆ ಒಬ್ಬೊಬ್ಬರಾಗಿ ಸ್ನಾನಕ್ಕೆ ನೀರಿಗೆ ಇಳಿಯುವ ಸದ್ದು ಸುಕ್ರನಿಗೆ ಕೇಳಿತು, ಕೂಸುಗಳಿಗೆ ನೀರು ಕುಡಿಸುವ ಸದ್ದು, ಯಾರೋ ನಕ್ಕ ಸದ್ದು. ಅವ ಎಲೆಯ ಮೇಲಿದ್ದುದನ್ನು ಪೂರ್ತಿ ತಿಂದ. ಉಪ್ಪು ಹಾಕಿರಲಿಲ್ಲ.