ಕಾಶಿನಾಥನ ಎರಡನೇ ನಡೆ

ದಸರೆಯ ಮುಂಜಾನೆ ಚದುರಂಗದ ಮಣೆಯನ್ನೂ ನಡೆ ಬರೆದಿಟ್ಟ ನೋಟ್‌ಬುಕ್ಕನ್ನೂ ತಾಳೆ ನೋಡಿದಾಗ ತಿರ್ಲಾಪುರದ ರೋಹಿಣಿ ಟೀಚರ್‌ಗೆ ಎಡವಟ್ಟು ಗೊತ್ತಾಯಿತು. ಅವಳ ಕುದುರೆ ತನ್ನ ಮನೆ ಬಿಟ್ಟು ಪಕ್ಕದ ಮನೆಯಲ್ಲಿ ನಿಂತಿತ್ತು. ಹಿಂದಿನ ದಿನ ಖಂಡೆ ಪೂಜೆ. ಅವ್ವ ಮಹಾದೇವಕ್ಕ ಕುಡುಗೋಲು, ಹೊಲಿಗೆ ಯಂತ್ರ, ಸ್ಕೂಟಿಗಳ ಜೊತೆ ತೀರಿಕೊಂಡ ಗಂಡನ ಮಣೆಯನ್ನೂ ಒರೆಸಿ, ಒಂದೊಂದು ಕಾಯಿಗೂ ಅರಿಶಿಣ ಹಚ್ಚಿ ವಾಪಸ್ ಇಟ್ಟಿದ್ದಳು. ಅವ್ವಂದಿರ ಭಕ್ತಿಗೆ ಏನೆಂದು ಹೇಳುವುದು! ಕುದುರೆ ಕಾಯುತ್ತಿದೆಯೆಂದು ನಂಬಿ ರೋಹಿಣಿ ಆನೆಯನ್ನು ಮುಂದೆ ತಳ್ಳಿ, ನಡೆ ಬರೆದ ಕಾರ್ಡನ್ನು ಸಂಜೆಯೇ ಅಂಚೆ ಡಬ್ಬಿಗೆ ಹಾಕಿ ಬಂದಿದ್ದಳು. ಈಗ ಆನೆ ಪುಕ್ಕಟೆ ಹೋಗುತ್ತದೆ.

ಆನೆಯೊಂದೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಎದುರಾಳಿ ದೇವಿಕೊಪ್ಪದ ವೆಂಕಣ್ಣ ಮಾಸ್ತರರು. ಅವಳ ಅಪ್ಪ ಕಾಶಿನಾಥನ ಜೊತೆ ಇಪ್ಪತ್ತು ವರ್ಷ ಕಾರ್ಡಿನಲ್ಲೇ ಆಡಿದವರು. ಎರಡನೇ ನಡೆಯಲ್ಲೇ ರಾಜನ ಪಕ್ಕದ ಪ್ಯಾದೆಯನ್ನು ಬಲಿಗೆ ಒಡ್ಡುವುದು ಅಪ್ಪನ ಆರಂಭ. ಹಾಗೆ ಆಡಿ ಅಪ್ಪ ಒಂದು ಡ್ರಾ ಕೂಡ ಕಂಡಿರಲಿಲ್ಲ. ಅದು ಹುಂಬರ ಆಟ, ಈ ಸಲ ನೀನೂ ಹಾಗೇ ಆಡಿ ಸೋತರೆ ಇನ್ನೆಂದೂ ಅದನ್ನು ಆಡಕೂಡದು ಎಂದು ಮಾಸ್ತರರು ಕರಾರು ಹಾಕಿದ್ದರು. ಇವಳೂ ಜಿದ್ದಿಗೆ ಬಿದ್ದು ಒಪ್ಪಿದ್ದಳು.

ರಜೆಯ ದಿನ ಡಬ್ಬಿ ತೆಗೆಯುವವರಿಲ್ಲ. ನಾಲ್ಕು ಸಲ ಅದರ ಮುಂದೆಯೇ ಹಾದುಹೋದಳು. ಮರುದಿನ ಪೋಸ್ಟ್‌ಮನ್ ಹುಲಿಗೇಶ ಬೀಗ ತೆಗೆಯುವಾಗ ಅಲ್ಲೇ ನಿಂತಿದ್ದಳು. ಮುಖ ನೋಡಿಯೇ ಅವನಿಗೆ ತಿಳಿಯಿತು.

"ಬೇಕಂದ್ರ ತಗೋರಿ ಟೀಚರ್. ಇನ್ನೂ ಶಿಕ್ಕಾ ಬಿದ್ದಿಲ್ಲ."

ಕೈ ಮುಂದೆ ಹೋಯಿತು. ಆದರೆ ಡಬ್ಬಿಗೆ ಬಿದ್ದ ಕಾರ್ಡೆಂದರೆ ನಡೆಸಿದ ಕಾಯಿ. ಅಪ್ಪನೂ ಮಾಸ್ತರರೂ ಮಾಡಿಕೊಂಡ ಮೊದಲ ಕರಾರೇ ಅದು. ಕದ್ದು ಉಳಿಸಿಕೊಂಡರೆ ಅದು ಅಪ್ಪನ ಆಟ ಹೇಗಾದೀತು?

"ಹೋಗ್ಲಿ ಬಿಡ್ರಿ," ಎಂದು ಮನೆಯ ದಾರಿ ಹಿಡಿದಳು.

ಆರು ದಿನ ಬಾಯಿಗೆ ಅನ್ನ ಸೇರಲಿಲ್ಲ. ಅವ್ವ ಕೊರಗುತ್ತಾಳೆಂದು ಅವಳಿಗೂ ಹೇಳಲಿಲ್ಲ. ಏಳನೇ ದಿನ ಮಾಸ್ತರರ ಕಾರ್ಡು ಬಂತು.

"ನಿನ್ನ ಕಾರ್ಡಿನ ಮ್ಯಾಲೆ ಅರಿಶಿಣದ ಬೆರಳಚ್ಚು ಕಂಡೆ. ಖಂಡೆ ಪೂಜಿ ದಿನ ನನ್ನ ಹೆಂಡತಿ ದ್ವಾರಕಾಬಾಯಿನೂ ಹಿಂಗ ಕಾಯಿ ಕದಲಸತಾಳ. ಈ ಆನಿ ಹೊಡದು ಗೆದ್ರ ನಿಮ್ಮವ್ವನ್ನ ಗೆದ್ದಂಗ. ಖರೆ ಹೇಳ್ತೀನಿ, ಅದಕ್ಕ ಮೊದಲ ನಾ ಸೋಲತಿದ್ದೆ. ಡ್ರಾ ಮಾಡೂಣು. ಒಪ್ಪಿದ್ರ ಕೆಳಗಿನ ಆಟಕ್ಕ ಉತ್ತರ ಕಳಸು."

ಕೆಳಗೆ ಹೊಸ ಆಟ ಶುರುವಾಗಿತ್ತು. ಬಿಳಿ ಕಾಯಿ ಮಾಸ್ತರರದು. ಇವಳ ಮೊದಲ ಉತ್ತರ ಇಂಥದೇ ಎಂದು ಊಹಿಸಿ, ಮೊದಲೆರಡು ನಡೆ ಒಟ್ಟಿಗೇ ಬರೆದಿದ್ದರು. ಎರಡನೆಯದನ್ನು ಮಣೆಯ ಮೇಲೆ ನಡೆಸುವಾಗ ರೋಹಿಣಿ ಅತ್ತುಬಿಟ್ಟಳು. ಅದು ರಾಜನ ಪಕ್ಕದ ಪ್ಯಾದೆ.