ತಾಳೆ ನೋಡುವ ಕೆಲಸ

ಕಂಪ್ಯೂಟರಿನ ಪ್ಲಗ್ಗಿನ ಮೇಲೆ ಪುಟ್ಟಸಿದ್ದಯ್ಯನ ಕೈ ಬೀಳುತ್ತಲೇ ಚಿಕ್ಕಬಸಮ್ಮ ಗಂಡನ ಪಕ್ಕದಿಂದ ಎದ್ದು ಬಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಬಾವನ ಎದುರು ಕೂತು ಮಾತಾಡಿದವಳೂ ಅಲ್ಲ ಅವಳು.

“ಅದ ಮುಟ್ಬ್ಯಾಡಿ ಬಾವ.”

“ಭಜನೆಯೋರ ಮೈಕಿಗೆ ಕರೆಂಟ್ ಬೇಕು ಕಣವ್ವ. ಸಾವಿನ ಮನೇಲಿ ಇದ್ಯಾಕೆ ಗುರ್ರಂತ ಕುಂತದೆ? ಆರ್ಸು ಅತ್ಲಾಗಿ.”

“ಮೈಕಿಲ್ದೆನೂ ಪದ ಏಳ್ಬೋದು. ಇದು ಇವತ್ ಮುಗೀತದೆ. ಅಲ್ಲೀಗಂಟ ಯಾರೂ ಮುಟ್ಬಾರ್ದು.”

ಜಡೇಸ್ವಾಮಿಯನ್ನು ನಡುಮನೆಯ ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದರು. ಬೆಳಿಗ್ಗೆ ಬಚ್ಚಲಲ್ಲಿ ಎದೆ ಹಿಡಿದುಕೊಂಡು ಕುಸಿದವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಹಣೆಗೆ, ತೋಳಿಗೆ ದಪ್ಪಗೆ ವಿಭೂತಿ ಬಳಿದಿದ್ದರು. ತಲೆ ವಾಲದಂತೆ ಬಿಳಿ ಬಟ್ಟೆಯೊಂದನ್ನು ಹಣೆಗೆ ಸುತ್ತಿ ಗೋಡೆಯ ಮೊಳೆಗೆ ಕಟ್ಟಿದ್ದರು. ಅವನ ಎಡಗಡೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಆ ಕಂಪ್ಯೂಟರು. ಅದರ ಪರದೆಯ ಮೇಲೆ ಆಗಾಗ ಒಂದೊಂದು ಸಾಲು ಮೂಡಿ ಮೇಲಕ್ಕೆ ಸರಿಯುತ್ತಿತ್ತು.

“ಮತ್ತೆ ಅದೇ ನಂಬರ್ ಲೆಕ್ಕವಾ?” ಪುಟ್ಟಸಿದ್ದಯ್ಯನ ದನಿ ಏರಿತು. “ಊರೋರೆಲ್ಲ ನಗಾಡಿದ್ದು ಸಾಕಾಗ್ನಿಲ್ವಾ ಇವನ್ಗೆ?”

ಹೊರಗೆ ಶಾಮಿಯಾನದ ಕೆಳಗಿನ ಮಾತು ನಿಂತಿತು. ಎಲ್ಲರೂ ಒಳಗೆ ಕಿವಿಗೊಟ್ಟರು.

ದೀಪ ಕಣ್ಣೊರೆಸಿಕೊಂಡು ಎದ್ದಳು. ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದ ಅವಳಿಗೆ ಅಪ್ಪನ ಈ ಹುಚ್ಚು ಚಿಕ್ಕಂದಿನಿಂದ ಗೊತ್ತಿತ್ತು. “ಇದು ಅದಲ್ಲ ದೊಡ್ಡಪ್ಪ. ಇದು ತಾಳೆ ನೋಡೋದು. ಒಬ್ರು ಮಾಡಿರೋ ಲೆಕ್ಕಾನ ಇನ್ನೊಬ್ರು ಬೇರೆ ಮೆಷಿನ್ನಲ್ಲಿ ಮೊದಲಿಂದ ಮಾಡಿ ನೋಡ್ಬೇಕು. ಎರಡೂ ಒಂದೇ ಬಂದ್ರೆ ಸರಿ. ಬೇರೆಬೇರೆ ಬಂದ್ರೆ ಯಾರದು ತಪ್ಪು ಅಂತ ಹೇಳೋಕಾಗಲ್ಲ, ಮೂರನೆಯವರು ಮಾಡ್ಬೇಕು. ಒಂದೂವರೆ ತಿಂಗಳಿಂದ ಓಡ್ತಾ ಇದೆ. ಮಧ್ಯಾಹ್ನಕ್ಕೆ ಮುಗಿಯುತ್ತೆ.”

“ಮಾಡೋನೇ ಸತ್ಮೇಲೆ ಅದ್ ಮುಗುದ್ರೇನು ಬುಟ್ರೇನು?”

ಬಾಗಿಲಲ್ಲಿ ಹಾರ ಹಿಡಿದು ನಿಂತಿದ್ದವನನ್ನು ಚಿಕ್ಕಬಸಮ್ಮ ಆಗ ಕಂಡಳು. ಯಳಂದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವ ರಂಗನಾಥ. ಮೂರು ವರ್ಷಗಳಿಂದ ಈ ಹೊಸಿಲು ತುಳಿಯದಿದ್ದವನು.

“ಬನ್ನಿ ಮೇಷ್ಟ್ರೆ,” ಎಂದಳು. “ನಿಮ್ಗೇ ಕಾಯ್ತಿದ್ದೆ.”

*

ಎಂಬತ್ತಾರನೇ ಇಸವಿಯಲ್ಲಿ ರಂಗನಾಥ ಟೈಪಿಂಗ್ ಕಲಿಯಲು ಕೊಳ್ಳೇಗಾಲಕ್ಕೆ ಬರುತ್ತಿದ್ದ. ಈ ನಡುಮನೆಯೇ ಆಗ ಜಡೇಸ್ವಾಮಿಯ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟು. ಒಂದು ದಿನ ಪಾಠ ಮುಗಿದ ಮೇಲೆ ಜಡೇಸ್ವಾಮಿ ಅವನ ಜೇಬಿನಿಂದ ಇಣುಕುತ್ತಿದ್ದ ಬಸ್ ಟಿಕೆಟ್ಟನ್ನು ಎಳೆದುಕೊಂಡು ನಂಬರು ನೋಡಿದ. “ಇದು ಯಾವುದರಿಂದಲೂ ಭಾಗ ಆಗಲ್ಲ ಅನ್ಸುತ್ತೆ ಮೇಷ್ಟ್ರೆ. ನೋಡಿ.” ಇಬ್ಬರೂ ಕೂತು ಭಾಗಿಸುತ್ತ ಭಾಗಿಸುತ್ತ ಇದ್ದಂತೆಯೇ ಯಳಂದೂರಿನ ಕೊನೆಯ ಬಸ್ಸು ಹೊರಟುಹೋಯಿತು. ಚಿಕ್ಕಬಸಮ್ಮ ಬಯ್ದುಕೊಂಡೇ ಇನ್ನೊಂದು ತಟ್ಟೆ ಹಾಕಿದಳು.

ಟೈಪ್‌ರೈಟರುಗಳ ಕಾಲ ಮುಗಿದು ಕಂಪ್ಯೂಟರು ಬಂದಾಗ ಆ ಆಟ ದೊಡ್ಡದಾಯಿತು. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳಲ್ಲಿ ಲಕ್ಷಗಟ್ಟಲೆ ಅಂಕಿಗಳಿರುವಂಥವನ್ನು ದೇಶದೇಶಗಳ ಜನ ತಮ್ಮ ಮನೆಯ ಕಂಪ್ಯೂಟರುಗಳಲ್ಲೇ ಹುಡುಕುತ್ತಿದ್ದಾರೆ ಎಂದು ಮೈಸೂರಿನಲ್ಲಿ ಪತ್ರಿಕೆಯೊಂದರಲ್ಲಿ ಓದಿ ಬಂದಿದ್ದ ಜಡೇಸ್ವಾಮಿ. ಒಬ್ಬೊಬ್ಬರು ಒಂದೊಂದು ಸಂಖ್ಯೆ ತೆಗೆದುಕೊಳ್ಳುವುದು, ವಾರಗಟ್ಟಲೆ ಮೆಷಿನ್ ಓಡಿಸುವುದು, ಬಂದ ಉತ್ತರವನ್ನು ಕಳಿಸುವುದು. ರಂಗನಾಥನೂ ಒಂದು ಕಂಪ್ಯೂಟರು ಕೊಂಡ. ಯಳಂದೂರಿನಲ್ಲಿ ಇಂಟರ್‌ನೆಟ್ಟಿರಲಿಲ್ಲ. ಅವನ ಉತ್ತರಗಳು ಫ್ಲಾಪಿಯಲ್ಲಿ ಬಂದು ಜಡೇಸ್ವಾಮಿಯ ಮೆಷಿನ್ನಿನಿಂದಲೇ ಹೋಗುತ್ತಿದ್ದವು.

“ಸಿಕ್ಕಿದ್ರೆ ಏನ್ ಬರ್ತದೆ?” ಎಂದು ಚಿಕ್ಕಬಸಮ್ಮ ಕೇಳಿದ್ದಳು.

“ಏನೂ ಬರಲ್ಲ. ಅದು ಅಲ್ಲಿ ಇದ್ದೇ ಇದೆ. ಯಾರಾದ್ರೂ ಹೋಗಿ ನೋಡ್ಬೇಕು, ಅಷ್ಟೆ.”

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಜಡೇಸ್ವಾಮಿಯ ಪರದೆಯ ಮೇಲೆ ‘ಅವಿಭಾಜ್ಯ’ ಎಂಬ ಉತ್ತರ ಬಂತು. ಅವನು ಬನಿಯನ್ನಿನಲ್ಲೇ ಬೀದಿಗೆ ಓಡಿದ. ಬೀದಿಗೆಲ್ಲ ಮೈಸೂರುಪಾಕು ಹಂಚಿದ. ಊರಿನವರು ಶಾಲು ಹೊದಿಸಿ ಸನ್ಮಾನ ಮಾಡಿದರು, ಪತ್ರಿಕೆಯಲ್ಲಿ ಫೋಟೋ ಬಂತು. ತಾಳೆ ನೋಡುವವರೆಗೆ ಕಾಯೋಣ ಎಂದು ರಂಗನಾಥ ಒಮ್ಮೆ ಮೆಲ್ಲಗೆ ಹೇಳಿದ್ದ. ಆದರೂ ವೇದಿಕೆಯ ಮೇಲೆ ಗೆಳೆಯನ ಪಕ್ಕದಲ್ಲೇ ಕೂತು, ತಾನೂ ಹಾರ ಹಾಕಿಸಿಕೊಂಡಿದ್ದ.

ತಿಂಗಳೊಳಗೆ ಸುದ್ದಿ ಬಂತು. ಬೇರೆ ಎರಡು ಮೆಷಿನ್ನುಗಳು ಅದೇ ಲೆಕ್ಕ ಮಾಡಿ ‘ಅಲ್ಲ’ ಎಂದಿದ್ದವು. ಜಡೇಸ್ವಾಮಿಯ ಕಂಪ್ಯೂಟರಿನಲ್ಲಿ ದೋಷವಿತ್ತು. ಪತ್ರಿಕೆಯವನು ಯಳಂದೂರಿಗೆ ಹೋಗಿ ರಂಗನಾಥನನ್ನು ಕೇಳಿದ. ತಾನೂ ನಗೆಪಾಟಲಾಗುತ್ತೇನೆಂಬ ಭಯದಲ್ಲಿ ಅವನು ಹೇಳಿದ್ದು ಅಚ್ಚಾಯಿತು: “ಅವರ ಮೆಷಿನ್ ಸರಿ ಇರಲಿಲ್ಲ. ನಾನು ಮೊದಲೇ ಎಚ್ಚರಿಸಿದ್ದೆ. ನನ್ನ ಲೆಕ್ಕ ಒಂದೂ ತಪ್ಪಿಲ್ಲ.”

ಆಮೇಲೆ ಪೇಟೆಯಲ್ಲಿ ಜಡೇಸ್ವಾಮಿಯ ಹೆಸರು ‘ಸುಳ್ ನಂಬರ್ ಸ್ವಾಮಿ’ ಎಂದಾಯಿತು. ರಂಗನಾಥ ತನ್ನ ಕಂಪ್ಯೂಟರನ್ನು ಮಾರಿದ. ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡಲಿಲ್ಲ.

*

ಹಾರ ಹಾಕಿ ಕಾಲು ಮುಟ್ಟಿ ಎದ್ದಾಗ ರಂಗನಾಥನ ಕಣ್ಣು ತಾನಾಗಿಯೇ ಪರದೆಯ ಕಡೆಗೆ ಹೋಯಿತು. ಎಲ್ಲ ಸಾಲಿನಲ್ಲೂ, ಲಕ್ಷಗಟ್ಟಲೆ ಅಂಕಿಗಳ ಬದಲಿಗೆ ಬಳಸುವ ಚಿಕ್ಕ ಗುರುತಿನಲ್ಲಿ, ಒಂದೇ ಸಂಖ್ಯೆ ಇತ್ತು. ಅದನ್ನು ಅವನು ಎಲ್ಲಿದ್ದರೂ ಗುರುತಿಸುತ್ತಿದ್ದ. ಎರಡು ತಿಂಗಳು ಯಳಂದೂರಿನಲ್ಲಿ ತಾನೇ ಓಡಿಸಿದ್ದ ಸಂಖ್ಯೆ ಅದು.

“ಇದು ನಂದಲ್ವಾ ಅಕ್ಕ?”

“ನಿಮ್ದೇಯ. ಆ ಗಲಾಟೆ ಆದ್ಮೇಲೆ ಅವ್ರು ಹೊಸ ನಂಬರ್ ಮುಟ್ನಿಲ್ಲ. ಬ್ಯಾರೆಯೋರು ಮಾಡಿದ್ದನ್ನೇ ತಾಳೆ ನೋಡೋರು. ಇದ್ರಲ್ಲಿ ಹೆಸ್ರು ಬರಲ್ಲ, ಹಾರನೂ ಬರಲ್ಲ, ಇದೇ ಸರಿ ನಂಗೆ ಅನ್ನೋರು. ಕಡೇಗೆ ನಂಬರ್ ಕೊಡೋರ್ನ ಕೇಳಿ ಕೇಳಿ ನಿಮ್ದೇ ಒಂದ್ ತಕಂಡ್ರು.” ಅವಳು ಸೆರಗಿನಿಂದ ಮುಖ ಒತ್ತಿಕೊಂಡಳು. “ಮುಗಿದ ದಿನ ಯಳಂದೂರಿಗೆ ಓಯ್ತೀನಿ ಕಣೆ, ಬರಿಗೈಲಿ ಎಂಗೋಗ್ಲಿ, ಇದ ತಕಂಡೋಯ್ತೀನಿ ಅಂದಿದ್ರು. ನೆನ್ನೆ ಸಂಜೆ ಬಿಳಿ ಪಂಚೆ ಇಸ್ತ್ರಿ ಮಾಡ್ಸಿಟ್ಕಂಡ್ರು. ಅದ್ನೇ ಉಡ್ಸಿರದು ಈಗ.”

ರಂಗನಾಥ ಕೂತುಬಿಟ್ಟ. ಅವನ ಮೊಣಕಾಲು ಸತ್ತವನ ಮೊಣಕಾಲಿಗೆ ತಾಗಿತು. ತಾನು ಅಳಬೇಕಾದ ಹೊತ್ತಿನಲ್ಲಿ ಬೇರೊಂದು ಹೆದರಿಕೆ ಹುಟ್ಟುತ್ತಿರುವುದನ್ನು ಕಂಡು ನಾಚಿಕೆಯಾಯಿತು. ನನ್ನ ಲೆಕ್ಕ ಸರಿ ಇರದಿದ್ದರೆ?

ಅಷ್ಟರಲ್ಲಿ ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಮೇಜಿನ ಕೆಳಗಿದ್ದ ಯುಪಿಎಸ್ಸು ಕಿರಿಚಲು ಶುರುಮಾಡಿತು. ಅಳುತ್ತಿದ್ದ ಹೆಂಗಸರು ಬೆಚ್ಚಿ ಆ ಕಡೆ ತಿರುಗಿದರು.

“ಅದರ ಬ್ಯಾಟ್ರಿ ಹೋಗಿದೆ ಮಾಮ, ಜಾಸ್ತಿ ಹೊತ್ತು ತಡೆಯಲ್ಲ,” ಎಂದಳು ದೀಪ.

“ಏನಾರ ಮಾಡಿ ಮೇಷ್ಟ್ರೆ!”

“ಹೆದರ್ಬೇಡಿ ಅಕ್ಕ. ಮಾಡಿದಷ್ಟು ಲೆಕ್ಕ ಒಳಗೆ ಉಳಿದಿರುತ್ತೆ. ಈಗ ನಾವೇ ಸರಿಯಾಗಿ ಆರಿಸಿಬಿಟ್ರೆ ಏನೂ ಹಾಳಾಗಲ್ಲ. ಕರೆಂಟ್ ಬಂದ್ಮೇಲೆ ನಿಂತಲ್ಲಿಂದಲೇ ಹೊರಡುತ್ತೆ.” ಅವನು ಕೀಲಿಗಳನ್ನು ಒತ್ತಿದ. ಪರದೆ ಕಪ್ಪಾಯಿತು.

ಬೆಳಗಿನಿಂದ ಬಿಕ್ಕಳಿಸುತ್ತಲಷ್ಟೇ ಇದ್ದ ಚಿಕ್ಕಬಸಮ್ಮ ಆಗ ಬಾಯಿಬಿಟ್ಟು ಕೂಗಿಕೊಂಡಳು.

ಕರೆಂಟು ಬಂದಾಗ ಬಿಸಿಲು ಇಳಿಯತೊಡಗಿತ್ತು. ಲೆಕ್ಕ ನಿಂತಲ್ಲಿಂದಲೇ ಹೊರಟಿತು, ಆದರೆ ಮುಗಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು. ಮಧುವನಹಳ್ಳಿಯ ಹೊಲದಲ್ಲಿ ಗುಂಡಿ ತೆಗೆದಾಗಿತ್ತು. ಕುರ್ಚಿ ಕಟ್ಟಿ ಬಾಳೆಕಂದು ನಿಲ್ಲಿಸಿದ ಟ್ರಾಕ್ಟರು ಬಾಗಿಲಿಗೆ ಬಂದು ನಿಂತಿತ್ತು. ಕ್ರಿಯೆ ನಡೆಸಬೇಕಾದ ಅಯ್ನೋರು ಎರಡು ಸಲ ಒಳಗಿಣುಕಿ ಹೋದರು.

“ಒತ್ತು ಮುಳುಗೋಕ್ ಮುಂಚೆ ಮಣ್ಣಾಗ್ಬೇಕು,” ಎಂದ ಪುಟ್ಟಸಿದ್ದಯ್ಯ. “ಎತ್ರಪ್ಪ.”

“ಇನ್ನೊಂದ್ ಗಳಿಗೆ ಬಾವ. ಅವ್ರು ಮನೇಲಿರುವಾಗ್ಲೇ ಮುಗೀಲಿ.”

“ನಾನೂ ಸುಮ್ನೆ ಅಂತಿದ್ದೀನಾ?” ಅವನು ತಮ್ಮನ ಕಡೆ ಕೈಮಾಡಿದ. “ಬೆನ್ನಿಗ್ ಬಿದ್ದೋನು ಕಣವ್ವ ನಂಗೆ. ಸಂತೇಲಿ ಜನ ಇವನ್ನ ಆಡ್ಕಳೋದ ಕೇಳ್ಕಂಡ್ ತಲೆ ಬಗ್ಗುಸ್ಕಂಡ್ ಬರ್ತಿದ್ದೆ. ಕಡೇ ದಿನನಾದ್ರೂ ಎಲ್ಲಾರಂಗೆ ಓಗ್ಲಿ ಅಂತ.”

ಅವಳು ಬಾವನನ್ನು ನೋಡಿದಳು. ತಾನೇ ಮುಂದೆ ಹೋಗಿ ಮೊಳೆಯಿಂದ ಬಟ್ಟೆಯ ಗಂಟು ಬಿಚ್ಚಿ, ಗಂಡನ ತಲೆಯನ್ನು ಎದೆಗೊರಗಿಸಿಕೊಂಡಳು. ನಂತರ ರಂಗನಾಥನ ಕಡೆ ತಿರುಗಿದಳು.

“ನೀವು ಬರ್ಬ್ಯಾಡಿ. ಇದ್ರ ಮುಂದೆ ಕುಂತಿರಿ. ಏನ್ ಬಂದ್ರೆ ಅದ, ಮಣ್ಣಾಕೋ ಮುಂಚೆ ಬಂದು ಅವ್ರಿಗೆ ಏಳ್ಬೇಕು ನೀವು.”

ಗೆಳೆಯನನ್ನು ಹೊತ್ತವರಲ್ಲಿ ಅವನ ಹೆಗಲಿರಲಿಲ್ಲ. ಟ್ರಾಕ್ಟರಿನ ಸದ್ದು, ತಮಟೆ, ಭಜನೆ ಬೀದಿ ತಿರುಗಿ ಸಣ್ಣಗಾದವು. ಇಬ್ಬರು ಹೆಂಗಸರು ನಡುಮನೆಗೆ ನೀರು ಹುಯ್ದು ತೊಳೆಯತೊಡಗಿದರು. ನೀರು ಕುರ್ಚಿಯ ಬುಡಕ್ಕೆ ಬಂದಾಗ ರಂಗನಾಥ ಕಾಲೆತ್ತಿಕೊಂಡು ಕೂತ. ದೀಪ ಶಾಮಿಯಾನದ ಕಂಬದ ಪಕ್ಕ ತನ್ನ ಸ್ಕೂಟಿ ನಿಲ್ಲಿಸಿ, ಅದರ ಕೀಲಿಯನ್ನು ಅವನ ಕೈಗಿತ್ತು ಹೋಗಿದ್ದಳು.

ಕೊನೆಯ ಸಾಲು ಮೂಡಿತು. ಸಂಖ್ಯೆ ಅವಿಭಾಜ್ಯವಲ್ಲ. ಅದು ಅವನಿಗೆ ಗೊತ್ತಿದ್ದದ್ದೇ. ಅದರ ಪಕ್ಕದಲ್ಲಿ ಅಕ್ಷರ-ಅಂಕಿಗಳ ಒಂದು ಗೊಂಚಲು. ಲೆಕ್ಕದ ಕೊನೆಗೆ ಉಳಿಯುವ ಶೇಷ. ಎರಡು ಮೆಷಿನ್ನುಗಳು ಸರಿಯಾಗಿ ಮಾಡಿದ್ದರೆ ಈ ಶೇಷ ಒಂದೇ ಇರಬೇಕು. ಅವನು ಹಳೆಯ ಫಲಿತಾಂಶಗಳನ್ನು ತೆರೆದು ತನ್ನದನ್ನು ಹುಡುಕಿದ.

ಮೊದಲ ಅಕ್ಷರವೇ ಬೇರೆ ಇತ್ತು.

ಪರದೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಎಲ್ಲವೂ ಬೇರೆ. ಒಬ್ಬರದು ತಪ್ಪು. ತನ್ನದಿರಬಹುದು. ದೋಷವಿದ್ದ ಭಾಗವನ್ನು ಬದಲಿಸಿದ್ದರೂ ಈ ಮೆಷಿನ್ನು ಮತ್ತೆ ತಪ್ಪಿರಬಹುದು. ಮೂರನೆಯವರು ಯಾರೋ, ಎಲ್ಲೋ, ವಾರಗಟ್ಟಲೆ ಓಡಿಸಿ ನೋಡುವವರೆಗೆ ಭೂಮಿಯ ಮೇಲೆ ಯಾರಿಗೂ ಅದು ಗೊತ್ತಾಗುವಂತಿರಲಿಲ್ಲ.

ಅವನು ಎದ್ದು ಓಡಿದ.

*

ಹೊಲದ ಬದುವಿನಲ್ಲಿ ಸ್ಕೂಟಿ ಬಿಟ್ಟು ಉಸಿರು ಹಿಡಿದು ಬಂದವನನ್ನು ಕಂಡು ಜನ ದಾರಿಬಿಟ್ಟರು. ಗುಂಡಿಯೊಳಗಿನ ಗೂಡಿನಲ್ಲಿ ಜಡೇಸ್ವಾಮಿಯನ್ನು ಕೂರಿಸಿ, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿದ್ದರು. ಮುಖ, ಎದೆ, ಮಡಿಲು ಕಾಣುತ್ತಿದ್ದವು. ಅಂಚಿನಲ್ಲಿ ಚಿಕ್ಕಬಸಮ್ಮ ಮುಷ್ಟಿಯಲ್ಲಿ ಹಸಿಮಣ್ಣು ಹಿಡಿದು ಕೂತಿದ್ದಳು.

“ಆವಾಗ್ಲಿಂದ ಇಂಗೇ ಕುಂತವ್ಳೆ,” ಎಂದ ಪುಟ್ಟಸಿದ್ದಯ್ಯ. “ಆಕ್ಲೂ ಒಲ್ಲಳು, ಬುಡ್ಲೂ ಒಲ್ಲಳು.”

ಅವಳು ತಲೆಯೆತ್ತಿದಳು. “ಏನ್ ಬಂತು ಮೇಷ್ಟ್ರೆ?”

ರಂಗನಾಥ ಸುತ್ತ ನೋಡಿದ. ಪೇಟೆಯವರಿದ್ದರು, ಅಂದು ಶಾಲು ಹೊದಿಸಿದವರಿದ್ದರು, ಆಮೇಲೆ ನಕ್ಕವರೂ ಅವರೇ. ಅವನು ಗುಂಡಿಯ ಅಂಚಿಗೆ ಹೋಗಿ, ಕ್ಲಾಸಿನ ಕೊನೆಯ ಬೆಂಚಿಗೂ ಕೇಳಿಸುವ ತನ್ನ ಪಾಠದ ದನಿಯಲ್ಲಿ ಹೇಳಿದ.

“ಎರಡೂ ತಾಳೆ ಆಗ್ಲಿಲ್ಲ. ತಪ್ಪು ನಂದು. ಜಡೇಸ್ವಾಮಿ ಮಾಡಿರೋ ಲೆಕ್ಕ ಸರಿ.”

ಪುಟ್ಟಸಿದ್ದಯ್ಯ ಹೆಗಲ ಮೇಲಿನ ಟವಲ್ಲನ್ನು ತೆಗೆದು ಮುಖಕ್ಕೆ ಒತ್ತಿಕೊಂಡ. ಅಮ್ಮನ ಬೆನ್ನಿನ ಹಿಂದೆ ನಿಂತಿದ್ದ ದೀಪ ಥಟ್ಟನೆ ರಂಗನಾಥನನ್ನು ನೋಡಿದಳು. ತಾಳೆಯಾಗದಿದ್ದರೆ ಯಾರದು ತಪ್ಪೆಂದು ಹೇಳಲಾಗದು ಎಂದು ಬೆಳಿಗ್ಗೆ ತಾನೇ ದೊಡ್ಡಪ್ಪನಿಗೆ ಹೇಳಿದವಳು. ಅವಳ ತುಟಿ ಅರ್ಧ ತೆರೆಯಿತು. ಅವನು ಕಣ್ಣು ತಪ್ಪಿಸಲಿಲ್ಲ. ಅವಳು ತುಟಿ ಮುಚ್ಚಿ, ಬಾಗಿ ಅಮ್ಮನ ಭುಜದ ಮೇಲೆ ಕೈಯಿಟ್ಟಳು.

“ಕೇಳುಸ್ತಾ?” ಎಂದಳು ಚಿಕ್ಕಬಸಮ್ಮ, ಗುಂಡಿಯೊಳಗಿನ ಮುಖಕ್ಕೆ. ಕೈಚಾಚಿ ಮುಷ್ಟಿ ಬಿಚ್ಚಿದಳು. ಬೆರಳುಗಳ ಅಚ್ಚು ಮೂಡಿದ್ದ ಮಣ್ಣಿನ ಮುದ್ದೆ ಒಡೆಯದೆ, ಹಾಗೆಯೇ ಅವನ ಮಡಿಲಿಗೆ ಬಿತ್ತು.